ನಾಲ್ಕಕ್ಕೆ ಎರಡು ಪಾಯಿಂಟ್ ಏಳು ಒಂದು

ಮೇ 9, ಮಂಗಳವಾರ

ನಾಲ್ಕಕ್ಕೆ ಎರಡು ಪಾಯಿಂಟ್ ಏಳು ಒಂದು.

ಹೊಸ ನೋಟುಪುಸ್ತಕದ ಮೊದಲ ಸಾಲು ಇದೇ ಇರಲಿ. ಎಲ್ಲರೂ ನನ್ನ ಬಗ್ಗೆ ಮೊದಲು ಕೇಳುವುದು ಇದನ್ನೇ. ಓಡಿಲ್ ಮನ್ವೆಲ್ ಅನ್ನುವ ಹೆಸರು, ಇಪ್ಪತ್ತೈದು ವಯಸ್ಸು, ಇವೆಲ್ಲ ಆಮೇಲಿನ ಮಾತು.

ದಂತವೈದ್ಯ ಕಾಲೇಜುಗಳ ಅರ್ಜಿ ಇವತ್ತು ತೆರೆಯಿತು. ಕ್ಲಿನಿಕ್ಕಿಗೆ ಒಂದು ಗಂಟೆ ಮುಂಚೆ ಹೋಗಿ ಮಿಸ್ ವರ್ನಾ ಅವರ ಕಂಪ್ಯೂಟರ್ ಮುಂದೆ ಕೂತು, ಡಿಗ್ರಿಯ ನಾಲ್ಕು ವರ್ಷದ ಒಂದೊಂದು ವಿಷಯದ ಅಂಕವನ್ನೂ ತುಂಬಿದೆ. ಕೊನೆಗೆ ಅದು ಸರಾಸರಿ ತೆಗೆದು ಮುಖಕ್ಕೆ ಹಿಡಿಯಿತು. ಹೋದ ವರ್ಷ 2.65 ಇತ್ತು. ವರ್ಷವಿಡೀ ಕೆಲಸ ಮುಗಿಸಿ ಸಂಜೆ ತರಗತಿಗೆ ಓಡಿ, ಎರಡು ವಿಷಯದಲ್ಲಿ ಎ ತಂದದ್ದಕ್ಕೆ ಸಿಕ್ಕ ಕೂಲಿ ಪಾಯಿಂಟ್ ಸೊನ್ನೆ ಆರು. ಫೇಲಾದ ರಸಾಯನಶಾಸ್ತ್ರವನ್ನು ಮತ್ತೆ ಓದಿ ಬಿ ತೆಗೆದಿದ್ದೇನೆ, ಆದರೂ ಇವರ ಲೆಕ್ಕದಲ್ಲಿ ಫೇಲಾದದ್ದು ಹೋಗುವುದಿಲ್ಲ, ಎರಡನ್ನೂ ಸೇರಿಸುತ್ತಾರೆ. ಒಳಗೆ ಹೋಗುವವರದು ಸಾಮಾನ್ಯವಾಗಿ ಮೂರೂವರೆಯ ಮೇಲೆ.

ಮಿಸ್ ವರ್ನಾ ಚೀಲ ಇಡುತ್ತಲೇ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಮೂವತ್ತು ವರ್ಷದಿಂದ ಈ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತವರು, ಊರಿನಲ್ಲಿ ಯಾರ ಬಾಯಲ್ಲಿ ಎಷ್ಟು ಹಲ್ಲಿದೆ ಎಂದು ಬಾಯಿಪಾಠ ಹೇಳಬಲ್ಲವರು.

"ಇದೇನು ಇಷ್ಟು ಕಮ್ಮಿ? ನನ್ನ ಸೋದರ ಸೊಸೆಗೆ ನಾಲ್ಕಕ್ಕೆ ನಾಲ್ಕು ಬಂದಿತ್ತು ಗೊತ್ತಾ?"

"ಅವಳು ಈಗೇನು ಮಾಡ್ತಿದ್ದಾಳೆ?"

"ಏನೂ ಇಲ್ಲ. ಹಲ್ಲು ಕೂಡ ನೆಟ್ಟಗೆ ಉಜ್ಜೋದಿಲ್ಲ."

ಹೋದ ವರ್ಷ ಹನ್ನೊಂದು ಕಾಲೇಜು, ಹನ್ನೊಂದು ಇಲ್ಲ. ಈ ವರ್ಷ ಐದಕ್ಕೇ ಹಾಕುತ್ತೇನೆ. ಇದೇ ಕೊನೆ. ಈ ಸಲವೂ ಆಗದಿದ್ದರೆ ದಂತವೈದ್ಯೆ ಆಗುವ ಮಾತನ್ನೇ ಎತ್ತುವುದಿಲ್ಲ ಎಂದು ಇಲ್ಲಿ ಬರೆದು ಸಹಿ ಹಾಕುತ್ತಿದ್ದೇನೆ. ಮೂರು ವರ್ಷದಿಂದ ಡಾಕ್ಟರ್ ಡೂಗಾ ಅವರ ಪಕ್ಕ ನಿಂತು ಊರಿನವರ ಉಗುಳು ಹೀರುವ ಕೊಳವೆ ಹಿಡಿದಿದ್ದೇನೆ. ಸೀಟು ಸಿಗುವವರೆಗೆ ಮಾತ್ರ ಈ ಕೆಲಸ ಅಂದುಕೊಂಡು ಬಂದವಳು ನಾನು.

ಮೇ 21, ಭಾನುವಾರ

ಈ ಋತುವಿನ ಕೊನೆಯ ಸಿಗಡಿ ಇವತ್ತು ಪರೇನ್ ಮನೆಯ ಅಂಗಳದಲ್ಲಿ ಬೆಂದಿತು. ಪರೇನ್ ಕ್ಲೋವಿಸ್ ನನ್ನ ಅಪ್ಪನ ಅಣ್ಣ, ಜ್ಞಾನಸ್ನಾನದ ದಿನ ನನ್ನನ್ನು ಎತ್ತಿಕೊಂಡು ನಿಂತವನು, ಅದಕ್ಕೇ ಅವನನ್ನು ಪರೇನ್ ಅನ್ನುವುದು. ಭತ್ತ ಕೊಯ್ದ ಗದ್ದೆಗೇ ನೀರು ಬಿಟ್ಟು ಸಿಗಡಿ ಸಾಕುತ್ತಾನೆ. ಅವನ ಮನೆಯ ಹಿಂದಿನ ಕೋಣೆಯಲ್ಲೇ ನಾನಿರುವುದು.

ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಬಿಸಿ ಬಿಸಿ ರಾಶಿ ಸುರಿದು, ಸುತ್ತ ನಿಂತು ತಿನ್ನುತ್ತಾ ಎಲ್ಲರೂ ನನಗೆ ಬುದ್ಧಿ ಹೇಳಿದರು. ಬುದ್ಧಿ ಹೇಳಲು ಬಾಯಿ ಖಾಲಿ ಇರಬೇಕೆಂದು ನಮ್ಮಲ್ಲಿ ಯಾರಿಗೂ ಅನಿಸುವುದಿಲ್ಲ. ವಿಷಯ, ಅರ್ಜಿಯ ಜೊತೆ ನನ್ನ ಬಗ್ಗೆ ನಾನೇ ಬರೆಯಬೇಕಾದ ಒಂದು ಪುಟ. ಅಂಕ ಯಾಕೆ ಕಡಿಮೆ ಎಂದು ಹೇಳಿಕೊಳ್ಳಲು ಇರುವುದು ಅದೊಂದೇ ಜಾಗ.

"ಓದಿದೋರಿಗೆ ಕಣ್ಣಲ್ಲಿ ನೀರು ಬರ್ಬೇಕು," ಅಂದರು ಊಟಕ್ಕೆ ಬಂದಿದ್ದ ಮಿಸ್ ವರ್ನಾ. "ಯಾಕೆ ಫೇಲಾದೆ ಅಂತ ಬರೀತೀಯ?"

"ಮಾರ್ಡಿ ಗ್ರಾ ಅಂತ."

ಅದು ನಿಜ. ಉತ್ತರಕ್ಕೆ ಪಕ್ಕದ ರಾಜ್ಯ ಆರ್ಕನ್ಸಾದ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಾಗ ರಸಾಯನಶಾಸ್ತ್ರದ ದೊಡ್ಡ ಪರೀಕ್ಷೆ ಫೆಬ್ರವರಿ 13, ಮಂಗಳವಾರ ಎಂದು ಹಾಕಿದ್ದರು. ವಿಭೂತಿ ಬುಧವಾರದ ಹಿಂದಿನ ಮಂಗಳವಾರವೇ ಮಾರ್ಡಿ ಗ್ರಾ, ಉಪವಾಸಕಾಲ ಶುರುವಾಗುವ ಮುಂಚೆ ತಿಂದು ಕುಣಿಯುವ ಹಬ್ಬ. ಅವತ್ತು ಪರೀಕ್ಷೆ ಇರಬಹುದು ಎಂದು ನಮ್ಮೂರಿನ ಯಾವ ಮಗುವಿಗಾದರೂ ಹೊಳೆಯುತ್ತದೆಯೇ? ಇಲ್ಲಿ ಶಾಲೆ, ಬ್ಯಾಂಕು, ಕೋರ್ಟು ಎಲ್ಲಕ್ಕೂ ಬೀಗ. ಅಚ್ಚಿನ ತಪ್ಪು ಅಂದುಕೊಂಡು ಶನಿವಾರವೇ ಕಾರು ಹತ್ತಿ ಏಳು ಗಂಟೆ ಓಡಿಸಿಕೊಂಡು ಮನೆಗೆ ಬಂದೆ. ಗುರುವಾರ ವಾಪಸು ಹೋದರೆ ನನ್ನ ಹೆಸರಿನ ಮುಂದೆ ಸೊನ್ನೆ. ಮೇಷ್ಟ್ರ ಹತ್ತಿರ ಹೋಗಿ ಹೇಳಿದೆ. "ಅದು ಬ್ರೆಜಿಲ್‌ನಲ್ಲಿ ಮಾಡೋ ಹಬ್ಬ ಅಲ್ವಾ?" ಅಂದರು.

ಮೇಜಿನ ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮಿಸ್ ವರ್ನಾ ಮಾತ್ರ ನಗಲಿಲ್ಲ.

"ಇದನ್ನ ಬರೆದ್ರೆ ಅವರೂ ಹೀಗೇ ನಗ್ತಾರೆ, ಸೀಟು ಬೇರೆಯವರಿಗೆ ಕೊಡ್ತಾರೆ. ನಿಮ್ಮಜ್ಜಿ ಹೋಗಿದ್ದು ಅದೇ ವರ್ಷ ಅಲ್ವೇನೇ?"

"ಜೂನ್‌ನಲ್ಲಿ, ಮಿಸ್ ವರ್ನಾ. ಪರೀಕ್ಷೆಯೆಲ್ಲಾ ಮುಗಿದ ಮೇಲೆ."

"ಫೆಬ್ರವರಿಗೂ ಜೂನ್‌ಗೂ ಏನು ಮಹಾ ದೂರ."

ಪರೇನ್ ಸಿಗಡಿ ಸುಲಿಯುತ್ತಾ ಇದ್ದ.

ಮೇ 30, ಮಂಗಳವಾರ

ಬರೆದೆ. ನಾನು ಇಷ್ಟು ಚೆನ್ನಾಗಿ ಬರೆಯುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಕಿಟಕಿ ಪಕ್ಕ ಹಾಸಿಗೆ. ಹಾಸಿಗೆಯಲ್ಲಿ ಅಜ್ಜಿ. ಅವಳ ಕೈ ನನ್ನ ಕೈಯಲ್ಲಿ. ದೂರದ ಕಾಲೇಜಿನಲ್ಲಿ ನನ್ನ ಪರೀಕ್ಷೆಯ ಗಂಟೆ ಬಾರಿಸುತ್ತಿದೆ, ನಾನು ಅಲ್ಲಾಡುತ್ತಿಲ್ಲ. ಅಜ್ಜಿ ಕೊನೆಯ ಸಲ ನಕ್ಕಾಗ ಅವಳ ಹಲ್ಲುಗಳನ್ನು ನೋಡಿ ನಾನು ದಂತವೈದ್ಯೆ ಆಗಬೇಕೆಂದು ತೀರ್ಮಾನಿಸುತ್ತೇನೆ. (ಅಜ್ಜಿಯದು ಸೆಟ್ಟು ಹಲ್ಲು. ಅದನ್ನು ಬರೆಯಲಿಲ್ಲ.)

ಮಿಸ್ ವರ್ನಾ ಓದುತ್ತಾ ಮೇಜಿನ ಮೇಲಿದ್ದ ಟಿಶ್ಯೂ ಪೆಟ್ಟಿಗೆಯನ್ನು ಅರ್ಧ ಖಾಲಿ ಮಾಡಿದರು. ಡಾಕ್ಟರ್ ಡೂಗಾ ಕನ್ನಡಕ ಮೇಲೇರಿಸಿ ಓದಿದರು. ಎಪ್ಪತ್ತು ದಾಟಿದ ಹೆಂಗಸು, ಬೇಡದ ಒಂದು ಮಾತೂ ಆಡುವವರಲ್ಲ.

"ಚೆನ್ನಾಗಿ ಬರೀತೀಯ," ಅಂದರು. ಆಮೇಲೆ, "ಎರಡನೇ ಕೋಣೆ ರೆಡಿ ಮಾಡು," ಅಂದರು.

2.71ನ್ನು ಮರೆಸಿಬಿಡುವ ಪುಟ ಇದು. ಖಂಡಿತ.

ಜೂನ್ 4, ಭಾನುವಾರ

ಪೂಜೆ ಮುಗಿಸಿ ಬಂದು ಪರೇನ್‌ಗೆ ಓದಿ ಹೇಳಿದೆ. ಅವನು ಶೆಡ್ಡಿನಲ್ಲಿ ಕೂತು ಸಿಗಡಿಯ ಬೋನುಗಳನ್ನು ತಿಕ್ಕಿ ಒಳಗಿಡುತ್ತಿದ್ದ. ಪೂರ್ತಿ ಓದುವವರೆಗೂ ತಿಕ್ಕುತ್ತಲೇ ಇದ್ದ.

"ಆ ಮಂಗಳವಾರ ಅಮ್ಮ ಮೆರವಣಿಗೆ ಲಾರಿ ಮೇಲೆ ಹತ್ತಿ ಕುಣಿದ್ಲು," ಅಂದ. "ಆಮೇಲೆ ಮಂಡಿ ಹಿಡ್ಕೊಂಡು ಎರಡು ವಾರ ನನ್ನ ಕೈಲಿ ಎಣ್ಣೆ ತಿಕ್ಕಿಸ್ಕೊಂಡ್ಲು."

"ಪರೇನ್, ಇದು ಅರ್ಜಿ. ಹೀಗೇ ಬರೀಬೇಕು."

"ಗೊತ್ತು ಶಾ," ಅಂದ. ಮುದ್ದಿಗೆ ನನ್ನನ್ನು ಅವನು ಕರೆಯುವುದೇ ಹಾಗೆ. "ಅರ್ಜಿಗೋಸ್ಕರ ನಮ್ಮಮ್ಮನ್ನ ನಾಲ್ಕು ತಿಂಗಳು ಮುಂಚೇನೇ ಸಾಯಿಸಿದ್ದೀಯ. ಅದರಲ್ಲಿ ಅವಳ ಕುಣಿತ ಹೋಯ್ತು. ಈಸ್ಟರ್ ಊಟ ಹೋಯ್ತು. ಫಾದರ್ ಜೊತೆ ಇಸ್ಪೀಟಾಡಿ ಗೆದ್ದಿದ್ದು ಹೋಯ್ತು. ಮೇ ತಿಂಗಳಲ್ಲಿ ಈ ಮೇಜಿನ ಮುಂದೆ ನಿಂತು ಒಬ್ಳೇ ಹತ್ತು ಪೌಂಡು ಸಿಗಡಿ ತಿಂದಿದ್ದೂ ಹೋಯ್ತು. ನಿನಗೆ ಸೀಟು ಸಿಕ್ರೆ ನನಗೆ ಖುಷೀನೇ. ಆದ್ರೆ ಅವಳ ನಾಲ್ಕು ತಿಂಗಳು ಯಾಕೆ ಕಿತ್ಕೊಂಡೆ?"

ಸಿಟ್ಟು ನೆತ್ತಿಗೇರಿತು. ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಹಾಸಿಗೆಯ ಮೇಲೆ ಬಿದ್ದುಕೊಂಡು ಅವನನ್ನು ಬಯ್ದೆ. ಬಯ್ಯುತ್ತಾ ಬಯ್ಯುತ್ತಾ ಆ ಹತ್ತು ಪೌಂಡು ಸಿಗಡಿ ನೆನಪಾಗಿ ನಗು ಬಂತು. ಅಜ್ಜಿ ತಲೆಗಳನ್ನು ಒಂದು ಕಡೆ ಗುಡ್ಡೆ ಹಾಕಿ, ಎಣಿಸಿ, ಪರೇನ್‌ನ ಗುಡ್ಡೆಗಿಂತ ದೊಡ್ಡದು ಎಂದು ತೋರಿಸಿದ್ದಳು. ನಕ್ಕು ನಕ್ಕು ಆಮೇಲೆ ಅಳುವೂ ಬಂತು. ಅವಳಿಲ್ಲದೆ ಐದು ವರ್ಷವಾಗಿದೆ. ಅವಳು ಬೇಕು ಅನ್ನಿಸಿತು.

ಆ ಪುಟ ಹರಿದೆ. ಹೊಸದಾಗಿ ಬರೆದೆ. ಮೊದಲ ಸಾಲು ಹೀಗೆ: ನಾನು ರಸಾಯನಶಾಸ್ತ್ರದಲ್ಲಿ ಫೇಲಾದದ್ದು ಮಾರ್ಡಿ ಗ್ರಾ ದಿನ ಅಜ್ಜಿಯ ಜೊತೆ ಲಾರಿಯ ಮೇಲೆ ಕುಣಿಯುತ್ತಿದ್ದುದರಿಂದ.

ಜೂನ್ 6, ಮಂಗಳವಾರ

ಕಳಿಸಿದೆ. ಐದು ಕಾಲೇಜು.

ಮಿಸ್ ವರ್ನಾ ಇಡೀ ದಿನ "ಆ ಮೊದಲನೇದು ಎಷ್ಟು ಚೆನ್ನಾಗಿತ್ತು" ಅನ್ನುತ್ತಾ ಓಡಾಡಿದರು.

ಜುಲೈ 20, ಗುರುವಾರ

ಇಲ್ಲ. ಒಂದು.

ಆಗಸ್ಟ್ 3, ಗುರುವಾರ

ಇಲ್ಲ. ಎರಡು. ಎರಡೂ ಪತ್ರ ಪಕ್ಕ ಪಕ್ಕ ಇಟ್ಟು ನೋಡಿದೆ. ಕಾಲೇಜಿನ ಹೆಸರು ಬಿಟ್ಟರೆ ಒಂದೇ ಒಕ್ಕಣೆ. ಅಭ್ಯರ್ಥಿಗಳ ಮಟ್ಟ ಈ ವರ್ಷ ಬಹಳ ಎತ್ತರದಲ್ಲಿದೆಯಂತೆ. ನನ್ನದು ಎರಡು ಪಾಯಿಂಟ್ ಏಳು ಒಂದು ಎತ್ತರದಲ್ಲಿದೆ.

ಆಗಸ್ಟ್ 17, ಗುರುವಾರ

ಇವತ್ತು ಮಿಸ್ಟರ್ ಅಲ್ಸೀಡ್ ಬಂದಿದ್ದರು. ಅಕ್ಕಿ ಗಿರಣಿಯಲ್ಲಿದ್ದವರು, ಎಪ್ಪತ್ತೆಂಟು ವರ್ಷ. ಮೇಲಿನ ಸಾಲಿನಲ್ಲಿ ಒಂದೂ ಹಲ್ಲಿಲ್ಲ, ಒಂಬತ್ತು ವರ್ಷದಿಂದ ಇಲ್ಲ. ಸೆಟ್ಟು ಹಾಕಿಸಬೇಕೆಂದರೆ ಮೊದಲು ಬಾಯಿಯ ಅಚ್ಚು ತೆಗೆಯಬೇಕು. ಆಲ್ಜಿನೇಟ್ ಪುಡಿಯನ್ನು ನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ತಟ್ಟೆಗೆ ತುಂಬಿ, ಬಾಯೊಳಗೆ ಒತ್ತಿ, ಅದು ಗಟ್ಟಿಯಾಗುವವರೆಗೆ ಮೂರು ನಿಮಿಷ ಹಿಡಿದಿರಬೇಕು. ಮಿಸ್ಟರ್ ಅಲ್ಸೀಡ್‌ಗೆ ತಟ್ಟೆ ತುಟಿಗೆ ತಾಗಿದರೆ ಸಾಕು, ಹೊಟ್ಟೆಯಿಂದಲೇ ಓಕರಿಕೆ ಬರುತ್ತದೆ. ಡಾಕ್ಟರ್ ಎರಡು ಸಲ, ನಾನೊಂದು ಸಲ ಪ್ರಯತ್ನಪಟ್ಟೆವು. ಮೂರು ಸಲವೂ ತಟ್ಟೆ ಕಿತ್ತು ತೆಗೆಯಬೇಕಾಯಿತು.

ಅವರಿಗೆ ಕಣ್ಣು ಮೂಗೆಲ್ಲ ನೀರು. "ಬಿಡಮ್ಮಾ," ಅಂದರು ನನಗೆ. "ಗಂಜಿ ಕುಡ್ಕೊಂಡೇ ಹೋಗ್ತೀನಿ. ನಗೋವಾಗ ಕೈ ಅಡ್ಡ ಇಟ್ಕೊಳ್ಳೋದು ಅಭ್ಯಾಸ ಆಗೋಗಿದೆ."

ಊಟ ಮಾಡುವಾಗಲೂ ಆ ಮಾತೇ ಮನಸ್ಸಿನಲ್ಲಿತ್ತು. ಒಂಬತ್ತು ವರ್ಷ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದಾರೆ.

ಆಗಸ್ಟ್ 24, ಗುರುವಾರ

ಅಚ್ಚು ಬಂತು!

ಮಿಸ್ಟರ್ ಅಲ್ಸೀಡ್ ಬರುವುದಿಲ್ಲ ಅಂದಿದ್ದರು. ನಾನೇ ಫೋನ್ ಮಾಡಿ, ಇನ್ನೊಂದೇ ಸಲ ಎಂದು ಗೋಗರೆದು ಕರೆಸಿದೆ. ಗಮನ ಬೇರೆ ಕಡೆ ಹೋದರೆ ಓಕರಿಕೆ ನಿಲ್ಲುತ್ತದೆ, ಕಾಲು ಎತ್ತಿಸಬೇಕು ಎಂದು ಎಲ್ಲೋ ಓದಿದ್ದೆ. ಸುಮ್ಮನೆ ಎತ್ತಿ ಅಂದರೆ ಎಷ್ಟು ಹೊತ್ತು ಎತ್ತಿಯಾರು?

"ನೀವು ಕುಣೀತಿದ್ರಾ ಮಿಸ್ಟರ್ ಅಲ್ಸೀಡ್?"

"ಕುಣೀದೇ ಇರೋರು ನಮ್ಮೂರಲ್ಲಿ ಯಾರಿದ್ದಾರೆ?"

"ವಾಲ್ಟ್ಜ್?"

"ನನ್ನ ಹೆಂಡ್ತಿ ಒಪ್ಪಿದ್ದೇ ಅದಕ್ಕೆ. ಮುಖ ನೋಡಿ ಒಪ್ಪಿದ್ಲು ಅಂದ್ಕೊಂಡ್ಯಾ?"

ಹಾಗಾದರೆ ಇವತ್ತು ಕೂತಲ್ಲೇ ಕುಣಿಯಿರಿ ಅಂದೆ. ವಾಲ್ಟ್ಜ್‌ಗೆ ಮೂರೇ ತಾಳ, ಒಂದಕ್ಕೆ ಬಲಗಾಲಿನ ಹೆಬ್ಬೆರಳು, ಎರಡು ಮೂರಕ್ಕೆ ಎಡಗಾಲಿನದು. ತಟ್ಟೆ ಬಾಯಿಗೆ ಹೋಗುವ ಮುಂಚೆಯೇ ಶುರು ಮಾಡಿಸಿದೆ. ನಾನು ಗಂಟಲಲ್ಲೇ ರಾಗ ಹಿಡಿದೆ, ಅವರ ಬೂಟು ತಾಳ ಹಾಕಿತು. ಸ್ವಲ್ಪ ಹೊತ್ತಿಗೆ ಅವರು ಕಣ್ಣು ಮುಚ್ಚಿಕೊಂಡರು. ಒಂದು ನಿಮಿಷ, ಎರಡು ನಿಮಿಷ. ಮೂರನೇ ನಿಮಿಷಕ್ಕೆ ತಟ್ಟೆ ತೆಗೆದೆ. ಅವರು ಇನ್ನೂ ಕಾಲು ಆಡಿಸುತ್ತಲೇ ಇದ್ದರು.

"ಮುಗೀತಾ? ಹಾಡು ಇನ್ನೂ ಬಾಕಿ ಇತ್ತಲ್ಲ," ಅಂದರು.

ಡಾಕ್ಟರ್ ಡೂಗಾ ಬಾಗಿಲಲ್ಲಿ ನಿಂತಿದ್ದು ನೋಡಿರಲಿಲ್ಲ. "ನಲವತ್ತು ವರ್ಷದಲ್ಲಿ ನನಗೆ ಇದು ಹೊಳೀಲಿಲ್ಲ," ಅಂದರು. ಇಷ್ಟುದ್ದದ ವಾಕ್ಯವನ್ನು ಅವರು ನನಗೆ ಹೇಳಿದ್ದು ಇದೇ ಮೊದಲು.

ಮೂರನೇ ಕಾಲೇಜಿನಿಂದಲೂ ಇಲ್ಲ ಅಂತ ಬಂದಿದೆ. ನಿನ್ನೆಯೇ ಬಂದಿತ್ತು.

ಸೆಪ್ಟೆಂಬರ್ 19, ಮಂಗಳವಾರ

ನ್ಯೂ ಆರ್ಲಿಯನ್ಸ್ ಕಾಲೇಜಿನಿಂದ ಸಂದರ್ಶನಕ್ಕೆ ಕರೆ. ಅಕ್ಟೋಬರ್ ಹದಿಮೂರಕ್ಕೆ.

ಎರಡು ಸಲ ಓದಿದೆ. ಮಿಸ್ ವರ್ನಾ ಕೈಲಿ ಓದಿಸಿದೆ. ಅವರು ಕಾಯುತ್ತಾ ಕೂತಿದ್ದ ನಾಲ್ವರಿಗೂ ಗಟ್ಟಿಯಾಗಿ ಓದಿ ಹೇಳಿದರು. ಅವರಲ್ಲೊಬ್ಬರು ಬೇರು ಕೀಳಿಸಿಕೊಳ್ಳಲು ಬಂದವರು, ಚಪ್ಪಾಳೆ ತಟ್ಟಿದರು.

ಅಕ್ಟೋಬರ್ 13, ಶುಕ್ರವಾರ

ಹೋಗಿ ಬಂದೆ. ಮೂರು ಗಂಟೆ ಹೋಗುವುದು, ಮೂರು ಗಂಟೆ ಬರುವುದು. ಈಗಲೇ ಬರೆಯದಿದ್ದರೆ ನಾಳೆಗೆ ನನಗೆ ಬೇಕಾದ ಹಾಗೆ ನೆನಪಿಟ್ಟುಕೊಳ್ಳುತ್ತೇನೆ.

ಹೊರಗೆ ಹನ್ನೆರಡು ಜನ ಕೂತಿದ್ದೆವು. ಎಲ್ಲರೂ ಕಪ್ಪು ಕೋಟು, ನಾನೂ ಕಪ್ಪು ಕೋಟು, ಪಕ್ಕದ ಮನೆಯವಳದು, ತೋಳು ಉದ್ದ. ಆಚೆ ಈಚೆ ಕೂತವರು ಮೂರು ಪಾಯಿಂಟ್ ಎಂಟು, ಮೂರು ಪಾಯಿಂಟ್ ಒಂಬತ್ತು ಎಂದು ಹವಾಮಾನ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ನಾನು ತೋಳು ಮಡಚುತ್ತಾ ಕೂತೆ.

ಒಳಗೆ ಇಬ್ಬರು. ಒಬ್ಬರು ಡಾಕ್ಟರ್ ರೋಮನ್, ಅದೇ ಊರಿನ ಹೆಂಗಸು, ಕಿವಿಯಲ್ಲಿ ಮುತ್ತು. ಇನ್ನೊಬ್ಬರು ಮಿನೆಸೋಟಾದ ಕಡೆಯ ಉದ್ದನೆಯ ಮನುಷ್ಯ, ನಗು ಅಂದರೆ ಏನು ಎಂದು ಕೇಳುವ ಮುಖ. ಡಾಕ್ಟರ್ ರೋಮನ್ ನನ್ನ ಪುಟ ಕೈಯಲ್ಲಿ ಹಿಡಿದಿದ್ದರು.

"ಮಾರ್ಡಿ ಗ್ರಾ ದಿನ ಪರೀಕ್ಷೆ ಇಟ್ಟಿದ್ರಾ?" ಅಂದರು. ದನಿಯಲ್ಲಿ ಸಿಟ್ಟಿತ್ತು. ಸಿಟ್ಟು ನನ್ನ ಮೇಲಲ್ಲ, ಆ ಕಾಲೇಜಿನ ಮೇಲೆ. "ಯಾರು ಹಾಗೆ ಮಾಡ್ತಾರೆ?"

ಗೆದ್ದೆ ಅಂದುಕೊಂಡೆ. ಆಗ ಮಿನೆಸೋಟಾದವರು ಅಂಕಪಟ್ಟಿಯಿಂದ ತಲೆ ಎತ್ತಿದರು.

"ಮಾರ್ಡಿ ಗ್ರಾ ಒಂದು ದಿನ. ಇಲ್ಲಿ ಎರಡು ವರ್ಷದ ಅಂಕ ಇದೆ. ಭೌತಶಾಸ್ತ್ರ ಸಿ, ಜೀವಶಾಸ್ತ್ರ ಸಿ, ಗಣಿತ ಡಿ. ಉಳಿದ ದಿನ ಏನು ಮಾಡ್ತಿದ್ರಿ?"

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಮಾರ್ಡಿ ಗ್ರಾ ಕಥೆ ಹೇಳಿದರೆ ಎಲ್ಲರೂ ನಕ್ಕು ಅಲ್ಲಿಗೇ ಬಿಡುತ್ತಿದ್ದರು. ನಾನೂ ಅಲ್ಲಿಗೇ ಬಿಡುತ್ತಿದ್ದೆ. ಸುಳ್ಳು ಹೇಳಲು ಸಮಯವಿತ್ತು. ಒಳ್ಳೊಳ್ಳೆಯ ಸುಳ್ಳುಗಳು ಸಾಲಾಗಿ ಬಂದು ನಿಂತವು.

"ಓದ್ತಿರಲಿಲ್ಲ ಸರ್," ಅಂದೆ. "ಮನೆ ನೆನಪಾಗ್ತಿತ್ತು. ಗುರುವಾರ ಆದ್ರೆ ಕಾರು ಹತ್ತಿ ಮನೆಗೆ ಬರ್ತಿದ್ದೆ, ಸೋಮವಾರ ವಾಪಸು ಹೋಗ್ತಿದ್ದೆ. ಬಂದು ಕುಣೀತಿದ್ದೆ. ಕಷ್ಟ ಏನೂ ಇರಲಿಲ್ಲ. ಯಾರೂ ಸತ್ತಿರಲಿಲ್ಲ. ತಪ್ಪು ನಂದೇ."

"ಈಗ?"

"ಈಗಲೂ ಕುಣೀತೀನಿ ಸರ್. ಶನಿವಾರ ಬೆಳಗ್ಗೆ ಮಾತ್ರ. ಕ್ಲಿನಿಕ್‌ಗೆ ಅವತ್ತು ರಜ."

ಡಾಕ್ಟರ್ ರೋಮನ್ ಕೆಮ್ಮಿದರು. ಅವರು ನಗು ತಡೆದದ್ದೋ ಬೇಸರಪಟ್ಟದ್ದೋ ತಿಳಿಯಲಿಲ್ಲ. ಉದ್ದನೆಯವರು, ಕುಣಿತದಿಂದ ದಂತವೈದ್ಯಕ್ಕೆ ಏನುಪಯೋಗ ಎಂದು ಕೇಳಿದರು. ಚುಚ್ಚಲು ಕೇಳಿದರೋ ಏನೋ. ನಾನು ಮಿಸ್ಟರ್ ಅಲ್ಸೀಡ್ ಕಥೆ ಹೇಳಿದೆ. ಯಾವ ಕಾಲಿನ ಹೆಬ್ಬೆರಳು, ಎಷ್ಟನೇ ತಾಳಕ್ಕೆ, ಎಲ್ಲ. ಅವರು ಬಗ್ಗಿ ಏನೋ ಬರೆದುಕೊಂಡರು. ಮೇಜಿನ ಕೆಳಗೆ ಅವರ ಬೂಟು ಒಂದು-ಎರಡು-ಮೂರು ಎಂದು ಅಲ್ಲಾಡಿದ ಹಾಗಿತ್ತು. ನನ್ನ ಆಸೆಯೂ ಇರಬಹುದು.

ವಾಪಸು ಬರುವಾಗ ಸೇತುವೆ ಮೇಲೆ ಗಟ್ಟಿಯಾಗಿ ಹಾಡಿಕೊಂಡು ಬಂದೆ. ಸೀಟು ಹೋಯಿತು ಅಂತಲೇ ಅನ್ನಿಸುತ್ತಿದೆ. ಹಾಗಿದ್ದೂ ಯಾಕೆ ಇಷ್ಟು ಹಗುರವಾಗಿದೆಯೋ, ಬೆಳಗಿನಿಂದ ಏನೂ ತಿಂದಿಲ್ಲ, ಅದಕ್ಕಿರಬೇಕು.

ನವೆಂಬರ್ 16, ಗುರುವಾರ

ಮಿಸ್ಟರ್ ಅಲ್ಸೀಡ್‌ಗೆ ಹಲ್ಲು ಬಂತು.

ಕನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿದರು. ಕರೆತಂದಿದ್ದ ಮೊಮ್ಮಗಳು ಪೋಲೀನ್ ಏನೋ ತಮಾಷೆ ಮಾಡಿದಳು, ಅವರು ನಕ್ಕರು, ಅಭ್ಯಾಸಬಲದಿಂದ ಕೈ ಬಾಯಿಯ ತನಕ ಬಂತು. ಅಲ್ಲೇ ನಿಂತಿತು. ಆಮೇಲೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಇನ್ನೊಂದು ಸಲ ನಕ್ಕರು. ನಾನು ಹೋಗಿ ಉಪಕರಣ ತೊಳೆಯುವ ನೆಪದಲ್ಲಿ ಮುಖ ತೊಳೆದುಕೊಂಡು ಬಂದೆ.

"ಇವತ್ತು ಹುರಿದ ಹಂದಿ ಚಕ್ಕಳ ತಿನ್ಬಹುದಾ?" ಎಂದು ಕೇಳಿದರು.

"ಎರಡು ವಾರ ಮೆತ್ತಗಿರೋದು ಮಾತ್ರ," ಅಂದರು ಡಾಕ್ಟರ್ ಡೂಗಾ.

"ಒಂಬತ್ತು ವರ್ಷ ಕಾದಿದ್ದೀನಿ. ಕಾರಲ್ಲೇ ಇದೆ."

ಪೋಲೀನ್‌ಗೂ ದಂತವೈದ್ಯೆ ಆಗುವ ಆಸೆಯಂತೆ. ಮೊದಲ ವರ್ಷದಲ್ಲಿ ಒಂದು ಸಿ ಬಂದಿದೆ ಎಂದು ಮುಖ ಸಣ್ಣ ಮಾಡಿಕೊಂಡಿದ್ದಳು. ನಿಮ್ಮ ಸರಾಸರಿ ಎಷ್ಟು ಎಂದು ಕೇಳಿದಳು. ಎರಡು ಪಾಯಿಂಟ್ ಏಳೋ ಎಂಟೋ ಅಂದೆ, ಸರಿಯಾಗಿ ನೆನಪಿಗೆ ಬರಲಿಲ್ಲ. ಮಿಸ್ಟರ್ ಅಲ್ಸೀಡ್‌ಗೆ ಎಡಗಡೆ ಸ್ವಲ್ಪ ಒತ್ತುತ್ತಿದೆ ಅನ್ನಿಸಿತು, ಬುಧವಾರ ಮತ್ತೆ ಬರಹೇಳಿದ್ದೇನೆ. ಆ ಜಾಗವನ್ನು ಉಜ್ಜಿ ಸರಿಮಾಡುವುದನ್ನು ಡಾಕ್ಟರ್ ಹತ್ತಿರ ನಿಂತು ಕಲಿಯಬೇಕು.

ನಾಲ್ಕನೇ ಕಾಲೇಜೂ ಇಲ್ಲ ಅಂದಿದೆ. ಉಳಿದದ್ದು ನ್ಯೂ ಆರ್ಲಿಯನ್ಸ್ ಒಂದೇ.

ಡಿಸೆಂಬರ್ 15, ಶುಕ್ರವಾರ

ಒಂದಾದ ಮೇಲೊಂದು ಬರೆಯಬೇಕು. ಇಲ್ಲದಿದ್ದರೆ ಒಂದೇ ಸಾಲು ಬರೆದು ಪುಸ್ತಕ ಮುಚ್ಚಿಬಿಡುತ್ತೇನೆ.

ಕಾಲೇಜುಗಳು ಸೀಟು ಕೊಡಲು ಶುರು ಮಾಡುವುದು ಇವತ್ತಿನಿಂದ. ಕೊಡುವವರು ಫೋನ್ ಮಾಡುತ್ತಾರೆ. ಕೊಡದವರು ಫೋನ್ ಮಾಡುವುದಿಲ್ಲ, ಪತ್ರ ಹಾಕುತ್ತಾರೆ. ಕ್ಲಿನಿಕ್ಕಿನಲ್ಲಿ ಮೊಬೈಲು ಮೇಜಿನ ಖಾನೆಯಲ್ಲಿರಬೇಕೆಂಬುದು ಡಾಕ್ಟರ್ ಡೂಗಾ ಅವರ ಕಟ್ಟಪ್ಪಣೆ. ಎಂಟು ಗಂಟೆಗೆ ಖಾನೆಗೆ ಹಾಕಿದೆ. ಹತ್ತು ಗಂಟೆಗೆ ತೆಗೆದು ನೋಡೋಣ ಅಂದುಕೊಂಡಿದ್ದೆ.

ಹತ್ತಕ್ಕೆ ಸರಿಯಾಗಿ ಪರೇನ್ ದವಡೆ ಹಿಡಿದುಕೊಂಡು ಬಂದ. ಗಟ್ಟಿ ಚಿಪ್ಪಿನ ಪಿಕಾನ್ ಕಾಯಿಯನ್ನು ಹಲ್ಲಿನಲ್ಲಿ ಒಡೆಯಲು ಹೋಗಿದ್ದಾನೆ. ಕಾಯಿ ಒಡೆಯಲಿಲ್ಲ, ದವಡೆ ಹಲ್ಲು ಅರ್ಧ ಹೋಗಿದೆ.

"ಮನೇಲಿ ಸುತ್ತಿಗೆ ಇರ್ಲಿಲ್ವಾ?"

"ಸುತ್ತಿಗೆ ಶೆಡ್ಡಲ್ಲಿತ್ತು ಶಾ. ಹಲ್ಲು ಇಲ್ಲೇ ಇತ್ತು."

ಡಾಕ್ಟರ್ ನೋಡಿ, ಕ್ಯಾಪ್ ಹಾಕಬೇಕು, ಮೊದಲು ಒಂದು ಅಚ್ಚು ತೆಗಿ ಅಂದು ಪಕ್ಕದ ಕೋಣೆಗೆ ಹೋದರು. ಕುರ್ಚಿಯನ್ನು ನೆಟ್ಟಗೆ ಮಾಡಿ, ಕಲಸಿ, ತಟ್ಟೆ ತುಂಬಿ, ಒತ್ತಿ ಹಿಡಿದೆ. ಅವನ ಮುಖ ಬಾಗಿಲ ಕಡೆ, ನನ್ನ ಬೆನ್ನು ಬಾಗಿಲಿಗೆ. ಮೂರು ನಿಮಿಷ ಅಲ್ಲಾಡಬಾರದು ಅಂದೆ.

ಒಂದು ನಿಮಿಷ ಆಗಿರಬಹುದು. ಹೊರಗೆ ಮುಂದಿನ ಮೇಜಿನ ಫೋನ್ ರಿಂಗಾಯಿತು, ನಿಂತಿತು. ಇನ್ನು ಸ್ವಲ್ಪ ಹೊತ್ತಿಗೆ ಪರೇನ್ ಕಣ್ಣು ದೊಡ್ಡದು ಮಾಡಿದ. ಗಂಟಲಲ್ಲಿ ಊಂ ಊಂ ಎಂದ. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಮೂಗಲ್ಲಿ ಉಸಿರಾಡು," ಅಂದೆ. "ಕಾಲ್ಬೆರಳು ಎತ್ತು."

ಅವನು ಎರಡೂ ಕಾಲು ಎತ್ತಿಬಿಟ್ಟ. ಕೈ ಎತ್ತಿ ನನ್ನ ಹಿಂದೆ ತೋರಿಸಲು ನೋಡಿದ. ಕೈ ಹಿಡಿದು ಕೆಳಗೆ ಒತ್ತಿದೆ.

"ಪರೇನ್, ಸಣ್ಣ ಮಕ್ಕಳೂ ಇದಕ್ಕಿಂತ ಚೆನ್ನಾಗಿ ಕೂರ್ತಾರೆ. ಅಲ್ಲಾಡಿದ್ರೆ ಮತ್ತೆ ಮೊದಲಿಂದ ಮಾಡ್ಬೇಕು."

ಅವನ ಕೆನ್ನೆಯ ಮೇಲೆ ನೀರು ಇಳಿಯಿತು. ಹಿಂದಿನಿಂದ ಡಾಕ್ಟರ್ ದನಿ ಕೇಳಿತು.

"ಎಷ್ಟು ಹೊತ್ತಾಯ್ತು ಓಡಿಲ್?"

"ಎರಡು ನಿಮಿಷ ಡಾಕ್ಟ್ರೇ."

"ಪೂರ್ತಿ ಆಗ್ಲಿ. ಅವಸರ ಇಲ್ಲ."

ದನಿ ಹೇಗೋ ಇತ್ತು. ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡು ಇನ್ನೂ ಗಟ್ಟಿಯಾಗಿ ಹಿಡಿದೆ. ಮೂರು ನಿಮಿಷಕ್ಕೆ ತಟ್ಟೆ ಎಳೆದೆ, ಟಪ್ ಎಂದು ಬಂತು. ದೀಪದ ಕೆಳಗೆ ಹಿಡಿದು ನೋಡಿದೆ. ಪ್ರತಿ ಹಲ್ಲೂ, ಒಸಡಿನ ಅಂಚೂ, ಮುರಿದ ಹಲ್ಲಿನ ಗೆರೆ ಕೂಡ. ಒಂದೇ ಒಂದು ಗುಳ್ಳೆ ಇಲ್ಲ. ಇಷ್ಟು ಒಳ್ಳೆಯ ಅಚ್ಚು ನನ್ನ ಕೈಯಿಂದ ಇದುವರೆಗೆ ಬಂದಿಲ್ಲ. ಡಾಕ್ಟರ್‌ಗೆ ತೋರಿಸೋಣ ಎಂದು ತಿರುಗಿದೆ.

ಬಾಗಿಲಲ್ಲಿ ಮಿಸ್ ವರ್ನಾ ಫೋನನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದರು. ಅವರ ಬಾಯಿಯ ಮೇಲೆ ಡಾಕ್ಟರ್ ಡೂಗಾ ತಮ್ಮ ಕೈ ಇಟ್ಟು ಮುಚ್ಚಿದ್ದರು.

"ಶಾ," ಅಂದ ಪರೇನ್, ಗದ್ದದ ಮೇಲೆಲ್ಲಾ ಗುಲಾಬಿ ಹಿಟ್ಟು. "ಅವರು ಫೋನ್ ಮಾಡಿದ್ದಾರೆ. ಆಗ್ಲಿಂದ ಹೇಳ್ತಿದ್ದೀನಿ."

ಮಿಸ್ ವರ್ನಾ ಫೋನನ್ನು ನನ್ನ ಕಿವಿಗೆ ಇಟ್ಟರು. ಡಾಕ್ಟರ್ ರೋಮನ್.

"ಓಡಿಲ್? ನಿಮ್ಮ ಮೊಬೈಲು ಎತ್ತಲಿಲ್ಲ, ಅದಕ್ಕೆ ಕ್ಲಿನಿಕ್‌ಗೆ ಮಾಡಿದೆ. ನಿಮ್ಮ ಕೈ ಯಾರದೋ ಬಾಯಲ್ಲಿದೆ, ತೆಗೆಯೋವರೆಗೂ ಫೋನ್ ಕೊಡಲ್ಲ ಅಂದ್ರು. ಕಾಯ್ತಿದ್ದೆ. ಅಚ್ಚು ಹೇಗೆ ಬಂತು?"

"ಒಂದೂ ಗುಳ್ಳೆ ಇಲ್ಲ ಮೇಡಂ."

"ಒಳ್ಳೇದು. ಹಾಗಾದ್ರೆ ಆಗಸ್ಟ್‌ನಲ್ಲಿ ಬನ್ನಿ. ನಿಮಗೊಂದು ಸೀಟು ಇಟ್ಟಿದ್ದೀವಿ."

ಬರುತ್ತೇನೆ ಅಂದೆನೋ, ಥ್ಯಾಂಕ್ಸ್ ಅಂದೆನೋ, ಬರೀ ಉಸಿರು ಬಿಟ್ಟೆನೋ ಗೊತ್ತಿಲ್ಲ. ಪರೇನ್ ಎದೆಗೆ ಕಟ್ಟಿದ್ದ ಬಟ್ಟೆಯ ಸಮೇತ ಎದ್ದು ಬಂದು ನನ್ನನ್ನು ನೆಲದಿಂದ ಎತ್ತಿದ. ಮಿಸ್ ವರ್ನಾ ಕಾಯುವ ಕೋಣೆಗೆ ಓಡಿದರು, ಅಲ್ಲಿಂದ ಚಪ್ಪಾಳೆ ಕೇಳಿತು. ಡಾಕ್ಟರ್ ಡೂಗಾ ನನ್ನ ಕೆನ್ನೆ ಸವರಿದರು. ನಾನು ತಟ್ಟೆಯನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಎಲ್ಲರಿಂದಲೂ ಅಪ್ಪಿಸಿಕೊಂಡೆ.

ಆಲ್ಜಿನೇಟ್ ಕಾಯುವುದಿಲ್ಲ. ಹತ್ತು ನಿಮಿಷದೊಳಗೆ ಪ್ಲಾಸ್ಟರ್ ಸುರಿಯದಿದ್ದರೆ ಅಚ್ಚು ಸುಕ್ಕುಗಟ್ಟುತ್ತದೆ. ಕ್ಷಮಿಸಿ ಅಂದು ಹಿಂದಿನ ಕೋಣೆಗೆ ಹೋದೆ. ನೀರು ಅಳೆದು ಪ್ಲಾಸ್ಟರ್ ಕಲಸಿದೆ. ಸ್ವಲ್ಪ ಸ್ವಲ್ಪವೇ ಸುರಿಯುತ್ತಾ, ಗುಳ್ಳೆಯೆಲ್ಲ ಮೇಲೆ ಬರುವ ತನಕ ತಟ್ಟೆಯನ್ನು ಮೇಜಿಗೆ ಕುಟ್ಟಿದೆ. ಪರೇನ್‌ನ ಹೆಸರು ಬರೆದ ಚೀಟಿ ಅಂಟಿಸಿ, ಅಲುಗಾಡದ ಜಾಗ ನೋಡಿ ಇಟ್ಟೆ. ಕೈ ತೊಳೆದುಕೊಂಡೆ.

ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ಗೋಡೆಗೆ ಒರಗಿ, ಸಮಾಧಾನವಾಗುವಷ್ಟು ಅತ್ತೆ.